ಕುರಿಯ ಗುರುತಿನ ನಾಯಿ

“ಇವನ ಕಿವಿ ಯಾಕ ನಿಂದ್ರವಲ್ಲವು?”

ಬೀದರಿನ ಚಿದ್ರಿಯಲ್ಲಿ ತನ್ನ ಮನೆಯ ಕಟ್ಟೆಯ ಮೇಲೆ ಚಹಾದ ಬಶಿ ಹಿಡಿದು ನಿಂತ ಮಾಣಿಕ ಹೀಗೆ ಗಟ್ಟಿಯಾಗಿ ಕೇಳಿದ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಹೆಂಡತಿ ಅನುಸೂಯಾಬಾಯಿ ಟ್ಯಾಂಕರ್ ಬರುವ ಮೊದಲು ಸಾಲು ಹಿಡಿಯಲು ಖಾಲಿ ಡ್ರಮ್ಮು ಉರುಳಿಸಿಕೊಂಡು ಹೋಗಿದ್ದಳು. ಎದುರಿಗಿದ್ದುದು ಭುರ್ಯಾ ಎಂಬ ನಾಯಿ ಮಾತ್ರ. ತನ್ನ ಕಿವಿಯ ಮೇಲೆ ವಿಚಾರಣೆ ಶುರುವಾಗಿದೆ ಎಂದು ತಿಳಿಯದೆ ಅವನು ಬಾಲ ಅಲ್ಲಾಡಿಸಿದ.

ಕಾರಣವೇನೂ ಗಹನವಾದದ್ದಲ್ಲ. ಅವು ನಿಲ್ಲುವ ಕಿವಿಗಳೇ ಅಲ್ಲ. ಭುರ್ಯಾ ಔರಾದ ತಾಲೂಕಿನ ಸಂತಪುರದ ಕುರಿಹಟ್ಟಿಯಲ್ಲಿ ಹುಟ್ಟಿದವನು. ಅವನ ಅಪ್ಪ, ಅಜ್ಜ, ಮುತ್ತಜ್ಜರೆಲ್ಲ ಜೋತ ಕಿವಿಯಲ್ಲೇ ಹಟ್ಟಿ ಕಾದು, ಜೋತ ಕಿವಿಯಲ್ಲೇ ಮುದುಕರಾಗಿ, ಜೋತ ಕಿವಿಯಲ್ಲೇ ಕಣ್ಣು ಮುಚ್ಚಿದ್ದರು. ಅದಕ್ಕಾಗಿ ಯಾರೂ ನಾಚಿಕೊಂಡಿರಲಿಲ್ಲ.

ಅವನು ಮಾಣಿಕನ ನಾಯಿಯೂ ಅಲ್ಲ. ಸಂತಪುರದ ಸಾಲೆಯಲ್ಲಿ ಮಾಣಿಕನ ಜೊತೆ ಒಂದೇ ಚಾಪೆಯ ಮೇಲೆ ಕುಳಿತು ಕಲಿತ ಧೊಂಡಿಬಾನದು. ಎರಡು ವರ್ಷ ಮಳೆ ತಪ್ಪಿ ಕಾರಂಜಾ ಜಲಾಶಯದ ತಳ ಬಿರಿದಾಗ ಧೊಂಡಿಬಾ ಹಿಂಡನ್ನೆಲ್ಲ ಭಾಲ್ಕಿಯ ಬಾಜಾರದಲ್ಲಿ ಮಾರಿ, ಹೆಂಡತಿ ಸುಂದರಬಾಯಿಯ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟ. ಹೋಗುವ ಮುನ್ನ ನಾಯಿಯ ಹಗ್ಗವನ್ನು ಗೆಳೆಯನ ಕೈಗೆ ಕೊಟ್ಟು, “ಮಳಿ ಆದ ಕೂಡ್ಲೆ ಬಂದು ಒಯ್ತೇನಿ. ಹ್ಯಾಂಗ ಕೊಟ್ಟೀನಿ ಹಾಂಗ ತಿರುಗಿ ಕೊಡು, ಮತ್ತೇನೂ ಬ್ಯಾಡ” ಎಂದಿದ್ದ. “ಕಣ್ಣಾಗ ಇಟ್ಟು ನೋಡ್ಕೋತೇನಿ” ಎಂದು ಮಾಣಿಕ ಎದೆ ಮುಟ್ಟಿಕೊಂಡು ಹೇಳಿದ್ದ. ಹಾಗೆಯೇ ನೋಡಿಕೊಂಡ ಕೂಡ, ಎದುರು ಮನೆಯ ದತ್ತಾತ್ರಿ ಬಾಯಿ ತೆಗೆಯುವ ತನಕ.

ಬರ ಎಲ್ಲರಿಗೂ ಬಂದಿತ್ತು. ದತ್ತಾತ್ರಿಗೆ ಮಾತ್ರ ಒದಗಿ ಬಂದಿತ್ತು. ಅವನು ನೀರಿನ ಟ್ಯಾಂಕರಿನ ಗುತ್ತೇದಾರ. ಊರಿನ ನಳಗಳು ಒಣಗಿದಷ್ಟೂ ಅವನ ಮನೆಗೆ ಮಹಡಿ ಏರುತ್ತಿತ್ತು. ಈಚೆಗೆ ಹೈದರಾಬಾದಿನಿಂದ ಟೈಗರ್ ಎಂಬ ಕರಿ ನಾಯಿಯನ್ನೂ ತರಿಸಿದ್ದ. ಅದರ ಕಿವಿಗಳು ಎರಡು ಚೂಪು ಗೂಟಗಳಂತೆ ನೆಟ್ಟಗೆ ನಿಂತಿದ್ದವು. ಬಾಲ ಇದ್ದ ಜಾಗದಲ್ಲಿ ಹೆಬ್ಬೆರಳಿನಷ್ಟು ಗುರುತು ಉಳಿದಿತ್ತು. ಅದನ್ನು ನೋಡಿ ಓಣಿಯ ಜನ ಭಯಪಡುತ್ತಿದ್ದರು. ಟೈಗರ್ ಓಣಿಯ ಜನರನ್ನು ನೋಡಿ ಇನ್ನೂ ಹೆಚ್ಚು ಭಯಪಡುತ್ತಿತ್ತು. ಇದು ಯಾರ ಗಮನಕ್ಕೂ ಬಂದಿರಲಿಲ್ಲ.

ಆ ದಿನ ಟ್ಯಾಂಕರ್ ಬಂದಾಗ ಡ್ರಮ್ಮುಗಳ ಸಾಲಿನ ಮುಂದೆ ಪೈಪು ಹಿಡಿದು ನಿಂತ ದತ್ತಾತ್ರಿ, ಮಾಣಿಕನ ಹಿಂದೆ ಬಂದ ಭುರ್ಯಾನನ್ನು ನೋಡಿ, “ಮಾಣಿಕರಾವ, ನೀವು ಸಾಕಿದ್ದು ನಾಯಿನೋ ಕುರಿನೋ? ಕಿವಿ ನೋಡಿದ್ರ ಉಣ್ಣೆ ಕತ್ತರಸಬೇಕು ಅನಸ್ತದ” ಎಂದ.

ಓಣಿ ನಕ್ಕಿತು. ನೀರಿನ ಪೈಪು ಹಿಡಿದವನ ಹಾಸ್ಯಕ್ಕೆ ನಗದೆ ಇರುವಷ್ಟು ಶ್ರೀಮಂತರು ಅಲ್ಲಿ ಯಾರೂ ಇರಲಿಲ್ಲ.

ಮಾಣಿಕನೂ ನಕ್ಕು ಸುಮ್ಮನಿದ್ದರೆ ಈ ಕಥೆ ಇಲ್ಲಿಗೆ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಅವನು ಸರಕಾರಿ ಕಚೇರಿಯೊಂದರ ಟಪಾಲು ಗುಮಾಸ್ತ. ಬಂದ ಕಾಗದಕ್ಕೆಲ್ಲ ಉತ್ತರ ಹೋಗಲೇಬೇಕು ಎಂಬುದು ಅವನ ರಕ್ತದಲ್ಲಿ ಸೇರಿಹೋಗಿತ್ತು.

“ಇವನ ಅಪ್ಪ ವಿಲಾಯತಿ ಅದಾನರಿ. ಕಿವಿ ಇನ್ನೂ ಕತ್ತರಿಸಿಲ್ಲ, ಅದಕ್ಕ ಹಾಂಗ ಕಾಣ್ತಾನ. ಈ ಜಾತಿಗಿ ವರ್ಷ ತುಂಬಿದ ಮ್ಯಾಲೇ ಮಾಡಸ್ತಾರ.”

“ಹೌದೇನು? ನೀವು ಯಾವಾಗ ಮಾಡಸ್ತೀರಿ?”

“ಬರೂ ಐತಾರ.”

ಸುಳ್ಳು ಹೇಳಿದವರು ಬೇಕಾದಷ್ಟು ಜನ ಬದುಕಿಕೊಂಡಿದ್ದಾರೆ. ಅದಕ್ಕೆ ತಾರೀಖು ಹಾಕಿಕೊಟ್ಟವರು ಕಡಿಮೆ.

ಮರುದಿನ ಮಾಣಿಕ ಭುರ್ಯಾನನ್ನು ದನದ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರ್ ಲಲಿತಾಬಾಯಿ ನಾಯಿಯ ಬಾಯಿ, ಕಣ್ಣು, ಹೊಟ್ಟೆ ನೋಡಿ, “ಏನಾಗ್ಯದರಿ ಇವಗ?” ಎಂದರು.

“ಏನೂ ಆಗಿಲ್ಲರಿ. ಕಿವಿ ಎರಡ ಬೆರಳು ಕಡಿಮಿ ಮಾಡ್ರಿ. ಬಾಲಾನೂ ಅಲ್ಪ ಸ್ವಲ್ಪ.” ದರ್ಜಿಯ ಅಂಗಡಿಯಲ್ಲಿ ಪ್ಯಾಂಟು ಕೊಟ್ಟವನ ದನಿ ಅದು.

ಲಲಿತಾಬಾಯಿ ಪೆನ್ನು ಕೆಳಗಿಟ್ಟರು. “ಯಾಕ?”

“ಚಂದ ಕಾಣ್ತದರಿ.”

“ಹಾಂಗಾರ ನೀವು ಮದಲ ಕೂಡ್ರಿ. ನಿಮ್ಮ ಎರಡೂ ಕಿವಿ ತೆಗೀತೇನಿ. ನೀವೂ ಚಂದ ಕಾಣ್ತೀರಿ. ಚಷ್ಮಾ ನಿಂದ್ರಂಗಿಲ್ಲ, ಅಷ್ಟೇ.” ಅವರ ದನಿ ಹೊರಗೆ ಕಾಯುತ್ತಿದ್ದ ಎಮ್ಮೆಗೂ ಕೇಳಿಸಿತು. “ರೋಗಿಲ್ಲ, ಗಾಯಿಲ್ಲ, ಸುಮ್ಮ ನಿಮ್ಮ ಓಣ್ಯಾಗ ಚಂದ ಕಾಣ್ಲಿ ಅಂತ ಬಾಯಿಲ್ಲದ ಪ್ರಾಣಿ ಅಂಗ ಕೊಯ್ಯೂದು ಗುನ್ಹೆ ಅದ, ಗೊತ್ತೇನು? ಸಿಟ್ಟು ಬಂದ್ರ, ಹೆದರಿದ್ರ, ಖುಷಿ ಆದ್ರ ಆ ಕಿವಿ, ಆ ಬಾಲದಾಗೇ ಹೇಳ್ತಾನ ಅಂವ. ಅದನ್ನ ಕೊಯ್ದು ಯಾರಿಗಿ ತೋರಸ್ತೀರಿ?”

“ದತ್ತಾತ್ರಿಯವರ ನಾಯಿಗಿ...”

“ಯಾರರಿ ದತ್ತಾತ್ರಿ?”

“ಯಾರೂ ಅಲ್ಲರಿ” ಎಂದು ಮಾಣಿಕ ಹೊರಗೆ ಬಂದ.

ಡಾಕ್ಟರ ಮಾತು ಅವನ ಮನಸ್ಸಿಗೆ ನಾಟಿತು. ನಾಟಿದ್ದರಿಂದ ಅವನು ಮನಸ್ಸು ಬದಲಿಸಲಿಲ್ಲ, ಡಾಕ್ಟರನ್ನು ಬದಲಿಸಿದ.

ಆ ಸೀಮೆಯಲ್ಲಿ ಕುರಿ ಸಾಕುವ ಒಂದೊಂದು ಮನೆಗೂ ಒಂದೊಂದು ಕಿವಿಗುರುತು ಇದೆ. ಒಬ್ಬರ ಕುರಿಗೆ ಕಿವಿಯ ತುದಿಯಲ್ಲಿ ಕವಲು, ಇನ್ನೊಬ್ಬರದಕ್ಕೆ ಅಂಚಿನಲ್ಲಿ ಅರ್ಧಚಂದ್ರ, ಮತ್ತೊಬ್ಬರದಕ್ಕೆ ನಡುವೆ ತೂತು. ನೀರಿನ ಹೊಂಡದ ಹತ್ತಿರ ಹಿಂಡುಗಳು ಕಲೆತಾಗ ಯಾರ ಕುರಿ ಯಾವುದೆಂದು ಕಿವಿ ಮುಟ್ಟಿ ಹೇಳುತ್ತಾರೆ. ಈ ಗುರುತು ಹಾಕುವುದರಲ್ಲಿ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯ ನರಸಿಂಗನ ಕೈ ಪ್ರಸಿದ್ಧ. ಸಾವಿರ ಕಿವಿ ಕೊಯ್ದ ಕೈಗೆ ಇನ್ನೆರಡು ಕಿವಿ ಯಾವ ಲೆಕ್ಕ ಎಂದು ಮಾಣಿಕ ತರ್ಕ ಮಾಡಿದ. ಕಚೇರಿಯಲ್ಲಿ ಅವನು ಟಪಾಲಿಗೇ ಉಳಿದದ್ದು ಯಾಕೆಂದು ಇದರಿಂದ ತಿಳಿಯಬಹುದು.

ಐತವಾರ ಬಂತು. ಪ್ರತಿ ಐತವಾರ ಬುದ್ಧವಿಹಾರಕ್ಕೆ ಹೋಗುವವನು ಅಂದು ಕಚೇರಿ ಕೆಲಸವೆಂದು ಹೆಂಡತಿಗೆ ಹೇಳಿ, ಅದಕ್ಕೆ ಮೊದಲು ನಾಯಿಯನ್ನು ಸುತ್ತಾಡಿಸಿ ತರುವವನಂತೆ ಹಗ್ಗ ಹಿಡಿದು, ಭಾಲ್ಕಿಯ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಲ್ಕಿ ಸ್ಟೇಶನ್ನಿನಲ್ಲಿ ರೈಲು ಹಿಡಿದು ದುಡಿಯಲು ಹೋಗುವ ಜನ ಗಂಟು, ಕೊಡ, ತೊಟ್ಟಿಲಿನ ಸೀರೆ ಎಲ್ಲ ಹೊತ್ತುಕೊಂಡು ತುಂಬಿದ್ದರು. ಗಂಟಿನ ಮೇಲೆ ಕುಳಿತ ಮುದುಕಿಯೊಬ್ಬಳು ಕಾಲು ಮಡಚಿ ಭುರ್ಯಾನಿಗೆ ಜಾಗ ಮಾಡಿಕೊಟ್ಟಳು.

“ನೀವೂ ಊರು ಬಿಟ್ಟು ಹೊಂಟೀರೇನಪ್ಪ, ನಾಯಿ ಕಟ್ಕೊಂಡು?”

“ಇಲ್ಲವ್ವ. ಇವನ ಕಿವಿ ಕೊಯ್ಸಲಾಕ ಹೊಂಟೀನಿ.”

ಮುದುಕಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ನಿಮಗ ಮನ್ಯಾಗ ಬ್ಯಾರೆ ಕೆಲಸಿಲ್ಲೇನು?” ಎಂದು ಮುಖ ತಿರುಗಿಸಿದವಳು ಭಾಲ್ಕಿಯ ತನಕ ಮಾತಾಡಲಿಲ್ಲ. ಭುರ್ಯಾ ಅವಳ ಪಾದದ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ.

ಬೀದರಿನ ಗುಮಾಸ್ತನೊಬ್ಬ ನಾಯಿಯ ಕಿವಿ ಹಿಡಿದುಕೊಂಡು ತನ್ನ ಬೇವಿನ ಮರದ ಕೆಳಗೆ ಬಂದು ನಿಂತದ್ದು ನರಸಿಂಗನಿಗೆ ಅರ್ಥವಾಗಲಿಲ್ಲ. “ಹಿಂದಕ ನಮ್ಮ ಹಳಬರು ಹಟ್ಟಿ ನಾಯಿ ಕಿವಿ ಕೊಯ್ತಿದ್ರರಿ, ತೋಳ ಕಿವಿನೇ ಹಿಡೀತದ ಅಂತ. ಈಗ ಅದೂ ಬಿಟ್ಟೀವಿ. ನಿಮ್ಮ ಚಿದ್ರ್ಯಾಗ ತೋಳ ಬಂದಾವೇನು?”

ಮಾಣಿಕ ದತ್ತಾತ್ರಿಯನ್ನು ನೆನೆದು, “ಒಂದು ಅದ” ಎಂದ.

“ಹಾಂಗಾರ ಬಿಡ್ರಿ. ಗುರುತು ಯಾರದು ಹಾಕ್ಲಿ?”

ಈ ಪ್ರಶ್ನೆ ಮಾಣಿಕನಿಗೆ ತಿಳಿಯಲಿಲ್ಲ. ತಿಳಿಯದ ಪ್ರಶ್ನೆಗೆ ಅವನ ಕಚೇರಿಯಲ್ಲಿ ಒಂದೇ ಉತ್ತರವಿತ್ತು. “ಎಲ್ಲಾರಿಗಿ ಹ್ಯಾಂಗ ಮಾಡ್ತೀರಿ ಹಾಂಗ ಮಾಡ್ರಿ.”

ನರಸಿಂಗ ಕತ್ತರಿ ತಂದ. ತಲೆ ಗಟ್ಟಿ ಹಿಡಿಯಲು ಹೇಳಿದ. ಮಾಣಿಕ ಭುರ್ಯಾನ ತಲೆಯನ್ನು ತೊಡೆಗಳ ನಡುವೆ ಅಮುಕಿ ಕಣ್ಣು ಮುಚ್ಚಿದ. ಹೆದರಿದಾಗ ಅವನ ಬಾಯಿಂದ ತಾನಾಗಿಯೇ ಬರುವ ಸಾಲುಗಳು ಪಂಚಶೀಲದವು. ಯಾವ ಜೀವಿಗೂ ಹಿಂಸೆ ಮಾಡಲಾರೆ ಎಂಬ ಮೊದಲನೆಯ ಶೀಲವನ್ನು ವಿಹಾರದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವನು ಅವನೇ. ಇಲ್ಲೂ ಹೇಳಿದ. ಬಾಯಿ ಶೀಲವನ್ನು ಹಿಡಿದಿತ್ತು, ಕೈ ನಾಯಿಯನ್ನು ಹಿಡಿದಿತ್ತು, ಕತ್ತರಿ ತನ್ನ ಕೆಲಸ ಮಾಡಿತು.

ಭುರ್ಯಾ ಕೂಗಿದ ಬಗೆಯನ್ನು ಬರೆದು ಯಾರನ್ನೂ ನಗಿಸಲಾಗುವುದಿಲ್ಲ. ಅವನು ಮಾಣಿಕನ ಮುಂಗೈಯನ್ನು ಹಲ್ಲಿನಲ್ಲಿ ಹಿಡಿದ. ಹಿಡಿದು, ಯಾರ ಕೈಯೆಂದು ತಿಳಿದು, ಬಿಟ್ಟ.

ಕಣ್ಣು ತೆರೆದಾಗ ಎಡ ಕಿವಿಯ ಅರ್ಧ ಹೋಗಿ ಉಳಿದರ್ಧದಲ್ಲಿ ಒಂದು ಕವಲು ಬಿದ್ದಿತ್ತು. ಬಲ ಕಿವಿಯ ಅಂಚಿನಲ್ಲಿ ಅರ್ಧಚಂದ್ರ. ಎರಡೂ ಮೊದಲಿಗಿಂತ ಮೋಟಾಗಿ, ಮೊದಲಿನಷ್ಟೇ ಜೋತಾಡುತ್ತಿದ್ದವು.

“ನಿಂದ್ರಲಿಲ್ಲಲ್ಲ!” ಎಂದ ಮಾಣಿಕ.

“ಯಾಕ ನಿಂದ್ರಬೇಕು?” ಎಂದ ನರಸಿಂಗ, ಅರಿಶಿನ ಬೂದಿ ಕಲಸಿ ಗಾಯಕ್ಕೆ ಮೆತ್ತುತ್ತ. “ನಮ್ಮ ಮನಿ ಗುರುತೇ ಹಾಕೀನಿ. ಯಾ ಹಿಂಡಿನಾಗ ಬಿಟ್ರೂ ಇನ್ನ ಕಳೆಯಂಗಿಲ್ಲ.”

ಇಷ್ಟಾದ ಮೇಲೂ ಮಾಣಿಕ ಬಾಕಿ ಉಳಿದ ವಿಷಯ ನೆನೆದು, “ಬಾಲ?” ಎಂದ.

“ಕುರಿಗಿ ಬಾಲ ಕೊಯ್ಯಂಗಿಲ್ಲರಿ” ಎಂದು ನರಸಿಂಗ ಕತ್ತರಿ ಒರೆಸಿಟ್ಟ. ಹೀಗೆ ಭುರ್ಯಾನ ಬಾಲ ಉಳಿಯಿತು.

ಮನೆಗೆ ಬಂದಾಗ ಅನುಸೂಯಾಬಾಯಿ ನಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಅಡುಗೆಗೆಂದು ಮುಚ್ಚಿಟ್ಟಿದ್ದ ಒಂದೇ ಕೊಡ ನೀರಿನಲ್ಲಿ ಬಟ್ಟೆ ಅದ್ದಿ ಭುರ್ಯಾನ ಕುತ್ತಿಗೆಗೆ ಇಳಿದ ರಕ್ತವನ್ನು ಒರೆಸಿದಳು. ಆಮೇಲೆ ಎದ್ದು ನಿಂತು, ಬುದ್ಧನ ಪಟದ ಕಡೆ ಕೈ ತೋರಿಸಿ ಹೇಳಿದಳು:

“ನಾಳಿ ಇವನ್ನ ದವಾಖಾನಿಗಿ ಒಯ್ರಿ. ಮತ್ತ ಮುಂದಿನ ಐತಾರ ವಿಹಾರಕ್ಕ ಬರ್ರಿ. ಬರ್ರಿ ಆದ್ರ ಮದಲನೇ ಶೀಲ ಬಂದಾಗ ಬಾಯಿ ಮುಚ್ಕೊಂಡು ಕೂಡ್ರಿ. ಎರಡನೇದರಿಂದ ಶುರು ಮಾಡ್ರಿ. ಆದ್ರ ನಾಲ್ಕನೇದು ಸುಳ್ಳ ಹೇಳಬಾರದು ಅಂತ ಅದ, ಅದೂ ಬಿಡ್ರಿ. ನಿಮಗ ಮೂರೇ ಉಳದಾವು.”

ಆ ರಾತ್ರಿಯೇ ಅವಳ ಲೆಕ್ಕ ಮಾಣಿಕನಿಗೆ ಕಠಿಣವೆನಿಸಿತ್ತು. ಮರುದಿನ ದವಾಖಾನೆಯಲ್ಲಿ ಅದು ನಿಜವಾಯಿತು. ಲಲಿತಾಬಾಯಿ ಅರಿಶಿನ ಬೂದಿ ಹೆಪ್ಪುಗಟ್ಟಿದ ಕಿವಿಗಳನ್ನು ನೋಡಿ, “ನೀವೇ ಅಲ್ಲೇನರಿ ಅಂದು ಬಂದವರು? ಏನಿದು?” ಎಂದಾಗ, ಗುನ್ಹೆ ಎಂಬ ಶಬ್ದ ನೆನಪಾಗಿ ಅವನ ನಾಲಿಗೆ ತಾನೇ ಹೊರಳಿತು.

“ನಾಯಿ ಕಡದದರಿ.”

“ಎರಡೂ ಕಿವಿಗಿ?”

“ಒಂದಾದ ಮ್ಯಾಲೊಂದು ಕಡೀತರಿ.”

“ನೀವು ಕಡಿಮಿ ಮಾಡ್ರಿ ಅಂದಿದ್ದು ಆ ನಾಯಿಗಿ ಯಾರು ಹೇಳಿದ್ರು?” ಲಲಿತಾಬಾಯಿಗೆ ನಂಬಿಕೆ ಬರಲಿಲ್ಲ. ಆದರೆ ಕಡಿತ ಎಂದ ಮೇಲೆ ಬಿಡುವಂತಿಲ್ಲ. “ಕಿವಿ ಹರಿಯೂ ಹಾಂಗ ಕಡದದ ಅಂದ್ರ ಹುಚ್ಚ ಇರಬಹುದು. ಆ ನಾಯಿ ಹಿಡಿದು ಹತ್ತು ದಿನ ಕಟ್ಟಿ ನೋಡಬೇಕು. ಯಾರ ನಾಯಿ?”

ಬೀದಿಯ ನಾಯಿ ಎಂದಿದ್ದರೆ ಸಾಕಿತ್ತು. ಆದರೆ ಎಂಟು ದಿನಗಳಿಂದ ಅವನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು.

“ದತ್ತಾತ್ರಿಯವರದರಿ.”

ಲಲಿತಾಬಾಯಿ ಭುರ್ಯಾನಿಗೆ ಸೂಜಿ ಚುಚ್ಚಿ, ಹೆಪ್ಪನ್ನು ಮನೆಯಲ್ಲಿ ದಿನಾ ನೆನೆಸಿ ತೊಳೆಯಲು ಹೇಳಿ, ಹೆಸರು ಬರೆದುಕೊಂಡರು. ಬರೆದುಕೊಂಡ ಮಾತು ಎಲ್ಲಿಗೆಲ್ಲ ಹೋಗುತ್ತದೆ ಎಂಬುದನ್ನು ಟಪಾಲು ಗುಮಾಸ್ತನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮೂರನೆಯ ದಿನ ಟ್ಯಾಂಕರ್ ಬಂದು ಡ್ರಮ್ಮುಗಳು ಸಾಲುಗಟ್ಟಿದ ಹೊತ್ತಿಗೇ ನಾಯಿ ಹಿಡಿಯುವ ಗಾಡಿ ಓಣಿಗೆ ನುಗ್ಗಿತು. ಬಲೆ ಹಿಡಿದ ಇಬ್ಬರು ಇಳಿದರು, ಹಿಂದೆಯೇ ಲಲಿತಾಬಾಯಿ. ದತ್ತಾತ್ರಿ ಪೈಪು ಎತ್ತಿ ಹಿಡಿದು ಕೂಗಿದ:

“ನನ್ನ ಟೈಗರಿಗಿ ಹುಚ್ಚಾ? ಯಾ ಮಗಾ ಹೇಳಿದ್ದು?”

ಕಾಗದ ಲಲಿತಾಬಾಯಿಯ ಕೈಯಲ್ಲಿತ್ತು. ಓದುವ ಅಗತ್ಯ ಬೀಳಲಿಲ್ಲ. ಓಣಿಯ ಅಷ್ಟೂ ಕಣ್ಣುಗಳು ಮಾಣಿಕನ ಮೇಲೆ ಬಿದ್ದವು. ಅವನು ಡ್ರಮ್ಮಿನ ಒಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ ಹುಡುಕತೊಡಗಿದ.

ಹುಚ್ಚುನಾಯಿಯನ್ನು ಹುಡುಕಿದವರಿಗೆ ಅದು ಟ್ಯಾಂಕರಿನ ಗಾಲಿಯ ಹಿಂದೆ ಸಿಕ್ಕಿತು. ಗಡಗಡ ನಡುಗುತ್ತಿತ್ತು. ಅಲ್ಲಾಡಿಸಲು ಬಾಲವಿಲ್ಲದೆ ಇಡೀ ಹಿಂಭಾಗವನ್ನೇ ಅಲ್ಲಾಡಿಸಿ ಬಲೆಯವರಿಗೆ ಶರಣು ಹೇಳಿತು. ಲಲಿತಾಬಾಯಿ ರಸ್ತೆಯ ಮೇಲೆ ಮೊಣಕಾಲೂರಿ ಅದನ್ನು ಹೊರಗೆ ಕರೆದು ಕಿವಿ ಮುಟ್ಟಿದರು. ಅದು ಕುಂಯ್ ಎಂದಿತು. ನೋಡಿದರೆ ಕಿವಿಗಳನ್ನು ನಿಲ್ಲಿಸಿದ್ದು ಜಾತಿಯಲ್ಲ, ಒಳಗೆ ತುರುಕಿದ ರಟ್ಟು ಮತ್ತು ಕರಿ ಪಟ್ಟಿ. ಪಟ್ಟಿ ಬಿಚ್ಚಿದ ಕೂಡಲೇ ನಾತ ಬಂತು.

“ಇದು ಏನರಿ?”

“ಹೈದರಾಬಾದದಾಗ ಹೇಳಿ ಕಳಸ್ಯಾರರಿ, ಪಟ್ಟಿ ತೆಗೀಬ್ಯಾಡ್ರಿ ಅಂತ. ಸ್ಟೈಲ್ ಅದರಿ.”

“ಸ್ಟೈಲ್ ಅಲ್ಲ, ಕೀವು! ತಿಂಗಳಾನುಗಟ್ಲೆ ಈ ನೋವು ತಿಂದದ ಇದು. ದಿನಾ ನೂರ ಮಂದಿಗಿ ನೀರ ಕೊಡ್ತೀರಿ, ಇದರ ಕಿವಿ ಒಂದ ದಿನ ತೊಳೀಲಾಕ ಆಗ್ಲಿಲ್ಲೇನು ನಿಮಗ?” ಲಲಿತಾಬಾಯಿ ಪಟ್ಟಿಯನ್ನು ದತ್ತಾತ್ರಿಯ ಕಾಲ ಬಳಿ ಎಸೆದರು. “ಈ ನಾಯಿ ರೊಟ್ಟಿಗೂ ಹೆದರಿ ಬಾಯಿ ಹಾಕ್ತದ. ಇದು ಯಾರಿಗೂ ಕಡದಿಲ್ಲ. ತರ್ರಿ ಇಲ್ಲಿ, ಆ ಕಡಿಸಿಕೊಂಡವನ್ನ.”

ಅನುಸೂಯಾಬಾಯಿ ತಾನೇ ಭುರ್ಯಾನನ್ನು ಕರೆದು ತಂದಳು. ಮೂರು ದಿನ ಅವಳು ತೊಳೆದಿದ್ದರಿಂದ ಅರಿಶಿನ ಬೂದಿ ಹೋಗಿ ಗಾಯ ನಿಚ್ಚಳವಾಗಿತ್ತು. ಡ್ರಮ್ಮಿನ ಸಾಲಿನಿಂದ ಪಕ್ಕದ ಮನೆಯ ಮಹಮೂದಾ ಬೇಗಂ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದರು.

“ಅರೇ ಡಾಕ್ಟರಮ್ಮ, ಇದು ಹಲ್ಲಿಂದು ಅಲ್ಲರಿ. ನಮ್ಮ ಅಬ್ಬಾ ಭಾಲ್ಕಿ ಬಾಜಾರದಾಗ ಕುರಿ ವ್ಯಾಪಾರ ಮಾಡ್ತಿದ್ರು, ನಾ ಸಣ್ಣಾಕಿದ್ದಾಗಿಂದ ನೋಡೀನಿ. ಎಡಕ್ಕ ಕವಲು, ಬಲಕ್ಕ ಅರ್ಧಾ ಚಾಂದ. ಇದು ಖಟಕ ಚಿಂಚೋಳಿ ನರಸಿಂಗನ ಮನಿ ಕುರಿ ನಿಶಾನಿ. ಹುಚ್ಚ ನಾಯಿ ಇಷ್ಟ ಸಾಫ್ ಕಡೀತದೇನು?”

ಮೊದಲು ಬಾಯಿ ಬಿಟ್ಟವನು ದತ್ತಾತ್ರಿ.

“ಕಡಿಗೂ ಕುರಿನೇ ಮಾಡಿದ್ರಲ್ಲರಿ ಮಾಣಿಕರಾವ!” ಎಂದು ನಕ್ಕ. ಈ ಸಲ ಯಾರೂ ನಗಲಿಲ್ಲ. ಅವನು ಪೈಪು ಸುತ್ತಿ ಒಳಗೆ ಎಸೆದು, “ನನ್ನ ನಾಯಿ ಮ್ಯಾಲ ಕಂಪ್ಲೇಂಟ್ ಕೊಡೂ ಓಣಿಗಿ ನೀರಿಲ್ಲ, ಹೋಗ್ರಿ” ಎಂದು ಟ್ಯಾಂಕರ್ ಹತ್ತಿ ಹೋಗಿಬಿಟ್ಟ. ಟೈಗರ್ ಹಿಂದೆಯೇ ಉಳಿಯಿತು. ಲಲಿತಾಬಾಯಿ ಅದನ್ನು ಎತ್ತಿ ಗಾಡಿಯ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು, “ಇಬ್ಬರಿಗೂ ನೋಟೀಸು ಬರ್ತದ. ಒಬ್ಬರಿಗಿ ಕೊಯ್ಸಿದ್ದಕ್ಕ, ಒಬ್ಬರಿಗಿ ಕೊಳಿಸಿದ್ದಕ್ಕ” ಎಂದು ಹೊರಟರು.

ಹೆಂಗಸರು ಖಾಲಿ ಡ್ರಮ್ಮುಗಳನ್ನು ಬಾರಿಸುತ್ತ ಮಾಣಿಕನ ಬಾಗಿಲಿಗೆ ಬಂದರು. ಆಡಿದ ಮಾತುಗಳನ್ನೆಲ್ಲ ಬರೆದರೆ ಕಾಗದ ಸಾಲದು. ತೀರ್ಪನ್ನು ಮಹಮೂದಾ ಬೇಗಂ ಹೇಳಿದರು: “ಭಾಯಿಸಾಬ, ದತ್ತಾತ್ರಿ ತಿರುಗಿ ಬರೂ ತನಕ ಓಣಿಗಿ ನೀರು ನೀವು ತರ್ರಿ.”

ನಾಲ್ಕು ದಿನ ಮಾಣಿಕ ರಜೆ ಹಾಕಿ ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ, ಊರಾಚೆಯ ಹೊಲದ ಬಾವಿಯಿಂದ ನೀರು ಹೊತ್ತ. ರಜೆಯ ಅರ್ಜಿಯಲ್ಲಿ ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ ‘ಬರ’ ಎಂದು ಬರೆದಿದ್ದ. ಪ್ರತಿ ಸರತಿಗೂ ಭುರ್ಯಾ ಸೈಕಲ್ಲಿನ ಹಿಂದೆ ಓಡಿ ಬಂದ. ಅವನಿಗೆ ಸಿಟ್ಟೇ ಇರಲಿಲ್ಲ. ಮಾಣಿಕನಿಗೆ ಎಲ್ಲರ ಬೈಗುಳಕ್ಕಿಂತ ಅದು ಭಾರವಾಯಿತು.

ಐದನೆಯ ದಿನ ಧೊಂಡಿಬಾನ ಫೋನು ಬಂತು. “ಮಾಣಿಕಾ, ಔರಾದ ಕಡಿ ಮಳಿ ಆಗ್ಯದಂತ! ನಾ ಸೀದಾ ಸಂತಪುರಕ್ಕ ಹೊಂಟೀನಿ, ಹೊಲ ಹಸನ ಮಾಡಬೇಕು. ಸುಂದ್ರಾ ಇವತ್ತ ನಿನ್ನ ಕಡಿ ಬರ್ತಾಳ. ಭುರ್ಯಾ ಆರಾಮ ಅದಾನಿಲ್ಲ?”

“ಆರಾಮ ಅದಾನ” ಎಂದ ಮಾಣಿಕ, ಶೀಲಗಳ ಲೆಕ್ಕ ಬಿಟ್ಟು.

ಫೋನು ಇಟ್ಟವನೇ ಒಂದು ಕೆಂಪು ರುಮಾಲು ತಂದು ಭುರ್ಯಾನ ತಲೆಗೆ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದ. ಹಲ್ಲುನೋವು ಬಂದ ಯಜಮಾನನಂತೆ ಭುರ್ಯಾ ಕಟ್ಟೆಯ ಮೇಲೆ ಕುಳಿತ. ಅನುಸೂಯಾಬಾಯಿ ನೋಡಿ, ಬಂದು, ಗಂಟು ಬಿಚ್ಚಿ, ರುಮಾಲನ್ನು ಗಂಡನ ಕೈಗೆ ಕೊಟ್ಟಳು. “ಇದು ನೀವು ಮುಖಕ್ಕ ಕಟ್ಕೋರಿ.”

ಸುಂದರಬಾಯಿ ತಲೆಯ ಮೇಲೆ ಗಂಟು ಹೊತ್ತುಕೊಂಡು ಓಣಿಯ ತಿರುವಿನಲ್ಲಿ ಕಂಡಳು. ಹಿಮ್ಮಡಿಗಳಲ್ಲಿ ಪುಣೆಯ ಸಿಮೆಂಟು ಇನ್ನೂ ಬಿಳಿಯಾಗಿತ್ತು. ಭುರ್ಯಾ ಒಂದೇ ಓಟಕ್ಕೆ ಹೋಗಿ ಅವಳ ಕಾಲಿಗೆ ಸುತ್ತಿಕೊಂಡ. ಅವಳು ನಗುತ್ತ ಗಂಟು ಇಳಿಸಿ ಕುಳಿತು, ಎಲ್ಲ ಕುರಿಗಾರರಂತೆ ಮೊದಲು ಕಿವಿಗೆ ಕೈ ಹಾಕಿದಳು. ಬೆರಳುಗಳು ಎಡ ಕಿವಿಯ ಕವಲಿನಲ್ಲಿ ನಿಂತವು. ಬಲ ಕಿವಿಗೆ ಹೋದವು. ನಗು ಹೋಯಿತು.

“ಇದು ಚಿಂಚೋಳಿಯವರ ಗುರುತು.” ಅವಳು ತಲೆಯೆತ್ತಿದಳು. “ಮಾರಿದ್ದೇನು ಮಾಣಿಕಾ ಇವನ್ನ?”

“ಇಲ್ಲ ವೈನಿ! ಆಣಿ ಮಾಡಿ ಹೇಳ್ತೇನಿ!”

“ಮಾರದೇ ಮಂದಿ ಗುರುತು ಹ್ಯಾಂಗ ಬಂತು?”

ಮಾಣಿಕ ಹೇಳಿದ. ದತ್ತಾತ್ರಿಯಿಂದ ಹಿಡಿದು ಎಲ್ಲ ಹೇಳಿದ. ಓಣಿಯೇ ಸುತ್ತ ನಿಂತಿತ್ತು, ಸುಳ್ಳು ಹೇಳಲು ಜಾಗವಿರಲಿಲ್ಲ. ಸುಂದರಬಾಯಿ ಭುರ್ಯಾನ ತಲೆಯನ್ನು ಮಡಿಲಿನಲ್ಲಿಟ್ಟುಕೊಂಡು ಕೇಳಿದಳು. ಕೂಗಲಿಲ್ಲ. ಓಣಿಯ ಬೈಗುಳವನ್ನೆಲ್ಲ ತಡೆದುಕೊಂಡಿದ್ದ ಮಾಣಿಕನಿಗೆ ಆ ಸಣ್ಣ ದನಿಯನ್ನು ತಡೆಯಲು ಆಗಲಿಲ್ಲ.

“ಕುರಿಗಿ ಯಾಕ ಗುರುತು ಹಾಕ್ತೇವಿ ಗೊತ್ತದೇನು ನಿನಗ? ಅವು ಕಳೀತಾವು, ಮಾರೂದಿರ್ತಾವು, ಅದಕ್ಕ. ಹಾಕುವಾಗ ನಮ್ಮ ಜೀವಾನೂ ಹಿಂಡತದ. ನಾಯಿಗಿ ಹಾಕಂಗಿಲ್ಲ. ನಾಯಿ ಮಾರೂದಲ್ಲ. ಕತ್ತಲಾಗ ಕರದ್ರೂ ಬರ್ತದ. ಅರವತ್ತು ಕುರಿ ಮಾರಿ ಹೋದಾಗ ನಾ ಅಳಲಿಲ್ಲ, ಇಂವ ಒಬ್ಬ ಅದಾನಲ್ಲ ಅಂತ. ಸಾಲಿ ಕಲ್ತು ನೌಕರಿ ಮಾಡೂ ಶಾಣ್ಯಾನ ಕೈಯಾಗ ಕೊಟ್ಟೀವಿ ಅಂತ.” ಅವಳು ಎದ್ದು ಸೀರೆ ಝಾಡಿಸಿದಳು. “ತೋಳದ ಬಾಯಾಗ ಕೊಟ್ಟಿದ್ರ ಓಡೂದಕ್ಕಾದ್ರೂ ಬಿಡ್ತಿತ್ತು. ನೀ ತಲಿ ಹಿಡಕೊಂಡಿ.”

ಮಾಣಿಕನ ಕಣ್ಣಲ್ಲಿ ನೀರು ಬಂತು. ಅನುಸೂಯಾಬಾಯಿ ಚಹಾ ತಂದಳು. ಸುಂದರಬಾಯಿ ಅವಳ ಕೈಯಿಂದ ತೆಗೆದುಕೊಂಡು, ನಿಂತೇ ಕುಡಿದಳು. ಕಪ್ಪು ತಿರುಗಿ ಅನುಸೂಯಾಬಾಯಿಯ ಕೈಗೇ ಕೊಟ್ಟಳು. ಗಂಟು ತಲೆಗೇರಿಸಿದಳು. ಭುರ್ಯಾ ಅವಳ ಮುಂದೆ ಹೊರಟವನು ತಿರುಗಿ ಮಾಣಿಕನನ್ನು ನೋಡಿ, ನೀನು ಯಾಕೆ ಬರುತ್ತಿಲ್ಲ ಎಂಬಂತೆ ನಿಂತ.

ಮಾಣಿಕ ಓಡಿ ಹೋಗಿ ಓಣಿಯ ನಡುವೆ ಕೈ ಜೋಡಿಸಿದ.

“ವೈನಿ, ಒಂದ ಮಾತು ನಡಸಿಕೊಡ್ರಿ. ಧೊಂಡಿಬಾಗ ಇದು ತಿಳದ್ರ ಜಿಂದಗಿಯಾಗ ಅಂವ ನನ್ನ ಮುಖ ನೋಡಂಗಿಲ್ಲ. ಬೀದಿ ನಾಯಿ ಕಡದ್ವು, ಕಿವಿ ಹರೀತು ಅಂತ ಹೇಳ್ರಿ. ನಿಮ್ಮ ಮಾತು ಅಂವ ನಂಬ್ತಾನ. ಇಷ್ಟೇ, ವೈನಿ. ನಿಮ್ಮ ಕಾಲಿಗಿ ಬೀಳ್ತೇನಿ.”

ಸುಂದರಬಾಯಿ ನಿಂತಳು. ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಸರಿಪಡಿಸಿಕೊಂಡಳು.

“ಇಲ್ಲ ಮಾಣಿಕಾ. ನಾಯಿಗೋಳ ಮ್ಯಾಲ ನಾ ಸುಳ್ಳ ಹೇಳಂಗಿಲ್ಲ.”